ಥರ್ಮೋಸ್ಟಾಟ್ ಕವರಿನ ಬೋಲ್ಟು ಜಗ್ಗವಲ್ದು: ಮುರಿಯೂ ಮೊದಲ ಏನೇನ್ ಮಾಡಬಹುದು?

ಸಿಂದಗಿ ರೋಡ್ (ವಿಜಯಪುರ)

ಎಲ್ಲಾರಿಗೂ ನಮಸ್ಕಾರ್ರಿ. ನಂದು 2009ರ ಮಾಡೆಲ್ ಸಣ್ಣ ಪೆಟ್ರೋಲ್ ಕಾರು, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಹೆಡ್ (ಇಂಜಿನ್ನಿನ ಮ್ಯಾಲಿನ ಭಾಗ) ಅಲ್ಯೂಮಿನಿಯಂದು. ಸ್ಟೇಷನ್ ರೋಡಿನ್ಯಾಗ ಟ್ರಾಫಿಕ್ ಹತ್ತಿತಂದ್ರ ಟೆಂಪರೇಚರ್ ಮುಳ್ಳು ಸರಸರ ಮ್ಯಾಲೆ ಏರ್ತದ. ಆಗ ಬಾನೆಟ್ ತೆಗದು ನೋಡಿದ್ರ ಇಂಜಿನ್ ಸುಡ್ತಿರ್ತದ, ರೇಡಿಯೇಟರಿಗೆ ಹೋಗೂ ಮ್ಯಾಲಿನ ಹೋಸ್ ಮಾತ್ರ ತಣ್ಣಗ. ಥರ್ಮೋಸ್ಟಾಟ್, ಅಂದ್ರ ಇಂಜಿನ್ ಬಿಸಿಯಾದ ಮ್ಯಾಲೆ ರೇಡಿಯೇಟರಿಗೆ ನೀರು ಬಿಡೂ ವಾಲ್ವ್, ತೆರಕೊಳ್ಳವಲ್ದು ಅಂತ ತಿಳದು ಹೊಸಾದು ತಂದಿಟ್ಟೀನಿ.

ಕವರಿಗೆ ಎರಡ ಬೋಲ್ಟು, ಎರಡೂ 10ರ ತಲಿ (10 ಎಂಎಂ ಪಾನಾ ಕೂಡೂದು). ಒಂದು ಬಿಚ್ಚೇದ. ಬ್ಯಾಟರಿ ಕಡೆಗಿಂದು ಕೂದಲೆಳಿಯಷ್ಟೂ ಜಗ್ಗವಲ್ದು. ಮೊದಲಿನ ಮಾಲಕರ ಕಾಲಕ್ಕ ಯಾರೋ ಪಕ್ಕಡ ಹಾಕಿ ತಿರುವಿದ್ದು ಕಾಣ್ತದ, ತಲಿಯ ಎರಡ ಮೂಲಿ ಸವದಾವ. ತಲಿ ಸುತ್ತ ಬಿಳಿ ಪುಡಿ ಗಟ್ಟಿಯಾಗಿ ಕೂತದ. ಮುಂಜಾನೆ ಡಬ್ಲ್ಯೂಡಿ-40 ಹೊಡದು ಸಂಜಿಗೆ ನೋಡಿದೆ, ಏನೂ ಫರಕ ಇಲ್ಲ. ಮನಿ ಮುಂದ ಪೋರ್ಚಿನ್ಯಾಗ ಕೆಲಸ ಮಾಡ್ಲಿಕತ್ತೀನಿ. ಕಂಪ್ರೆಸರ್ ಇಲ್ಲ, ಇಂಪ್ಯಾಕ್ಟ್ ಗನ್ ಇಲ್ಲ. ಬಾಜೂ ಮನಿಯವ್ರು ಪಾನಾಕ್ಕ ಉದ್ದ ಪೈಪ್ ಸೇರಿಸಿ ಎಳೀರಿ ಅಂತಾರ. ನನಗ ಬೋಲ್ಟು ಹೆಡ್ಡಿನ್ಯಾಗ ಮುರದು ಕೂತೀತು ಅಂಬೋ ಅಂಜಿಕಿ. ತಿಳದವ್ರು ಹೇಳ್ರಿ.

ಉದ್ಯಮಬಾಗ ಫಿಟ್ಟರ್ (ಬೆಳಗಾವಿ)

ಪೈಪ್ ಮುಟ್ಟಬ್ಯಾಡ್ರಿ. ನಿಮ್ಮ ಅಂಜಿಕಿ ಖರೇ ಐತಿ.

ಜಪಾನಿ ಪದ್ಧತಿ ಇಂಜಿನ್ನಿನ್ಯಾಗ 10ರ ತಲಿ ಅಂದ್ರ ಎಂ6 ಬೋಲ್ಟು, 12ರ ತಲಿ ಅಂದ್ರ ಎಂ8, 14 ಅಂದ್ರ ಎಂ10. ನಿಮ್ಮದು ಬರೇ 6 ಎಂಎಂ ದಪ್ಪ. 8.8 ದರ್ಜೆಯ (ಉಕ್ಕಿನ ಬಲದ ಗುರುತು) ಎಂ6 ಬೋಲ್ಟಿಗೆ ಫಿಟಿಂಗ್ ಟಾರ್ಕ್, ಅಂದ್ರ ತಿರುವಿ ಬಿಗಿಯೂ ಜೋರು, ಸುಮಾರು 10 ನ್ಯೂಟನ್ ಮೀಟರ್. ಒಂದ ಮೀಟರ್ ಪೈಪ್ ಹಾಕಿ ತುದಿಗೆ 2 ಕೆಜಿ ಜೋರು ಕೊಟ್ರ ಅದು ಸುಮಾರು 20 ಆಗ್ತೈತಿ. ಕೈಗೆ ಏನೂ ತಿಳಿಯೂದಿಲ್ಲ, ತಲಿ ಮಾತ್ರ ಸಾಕೆಟ್ಟಿನ್ಯಾಗ ಬಂದಿರ್ತೈತಿ. ವೀಲ್ ನಟ್ಟಿಗೆ ಪೈಪ್ ನಡೀತೈತಿ, ಅದು 12 ಎಂಎಂ. ಎರಡಕ್ಕೂ ಒಂದ ಲೆಕ್ಕ ಹಾಕಬಾರ್ದು.

ಸಣ್ಣ ಪಾನಾನ ಹಿಡೀರಿ. ಬೋಲ್ಟು ಏನು ಹೇಳ್ತೈತಿ ಅಂಬೂದು ಸಣ್ಣ ಪಾನಾದಾಗ ಬೆರಳಿಗೆ ಗೊತ್ತಾಗ್ತೈತಿ. ಜಂಗು ಬಿಟ್ಟ ಬೋಲ್ಟು "ಟಕ್" ಅಂತ ಒಮ್ಮೆಲೆ ಬಿಡ್ತೈತಿ, ಇಲ್ಲಾ "ಕಿರ್ರ್" ಅಂತ ಒದರ್ಕೋತ ತಿರಗ್ತೈತಿ. ಮುರಿಯೂ ಬೋಲ್ಟು ಹಂಗ ಮಾಡೂದಿಲ್ಲ, ಸಪ್ಪಳ ಇಲ್ಲದ ಮೆತ್ತಗ ತಿರಗ್ತೈತಿ. ರಬ್ಬರ್ ತಿರುವಿದಂಗ ಅನಸ್ತಂದ್ರ ಅಲ್ಲೇ ಕೈ ಬಿಡ್ರಿ.

ಎರಡ ಮಾತು ತಿಳಸ್ರಿ. ನಿಮ್ಮ ಸಾಕೆಟ್ ಆರು ಮೂಲಿದೋ, ಹನ್ನೆರಡು ಮೂಲಿದೋ? ಒಂದ ಬೋಲ್ಟು ಬಿಚ್ಚಿದ ಮ್ಯಾಲೆ ಕವರ್ ಏನರ ಅಲಗಾಡತೈತೋ?

ಕಬ್ಬಿನ ಟ್ರ್ಯಾಕ್ಟರ್ (ಜಮಖಂಡಿ)

ಗ್ಯಾಸ್ ಹಚ್ಚಿ ಕೆಂಪಗಾಗೂತನ ಕಾಸ್ರಿ, ಬೆಣ್ಣಿಯಂಗ ಬರ್ತೈತಿ. ಟ್ರ್ಯಾಕ್ಟರಿನ ಸೈಲೆನ್ಸರ್ ಮ್ಯಾನಿಫೋಲ್ಡ್ ನಟ್ಟು ನಾವು ಹಂಗ ಬಿಚ್ಚತೀವಿ. ಸಕ್ಕರಿ ಫ್ಯಾಕ್ಟರಿ ಚಾಲೂ ಆಗೂಕ್ಕಿಂತ ಮೊದಲ ನಮ್ಮಲ್ಲಿ ಎಲ್ಲಾ ಗಾಡಿಗೂ ಇದ ಕೆಲಸ.

ನವನಗರ ವರ್ಕ್‌ಶಾಪ್ (ಬಾಗಲಕೋಟಿ)

ಅಣ್ಣಾರ, ಮ್ಯಾನಿಫೋಲ್ಡಿಗೆ ನೀವು ಹೇಳಿದ್ದು ಬರೋಬ್ಬರಿ ಐತಿ. ಅದು ಬೀಡು (ಕಾಸ್ಟ್ ಐರನ್), ಕಾಸಿದ್ರ ತಡಕೋತೈತಿ. ಈ ಹೆಡ್ ಅಲ್ಯೂಮಿನಿಯಂ. ಇದಕ್ಕ ಉರಿ ಹಚ್ಚಬಾರ್ದು. ನಾ ಡಿಪ್ಲೊಮಾ ಹುಡುಗ್ರಿಗೆ ವರ್ಕ್‌ಶಾಪ್ ಕಲಸ್ತೀನಿ, ಪ್ರತಿ ಬ್ಯಾಚಿಗೂ ಇದನ್ನ ಒತ್ತಿ ಹೇಳ್ತೀನಿ.

ಕಬ್ಬಿಣ ಕರಗೂಕಿಂತ ಭಾಳ ಮೊದಲ ಕೆಂಪಗಾಗಿ ಸೂಚನಾ ಕೊಡ್ತೈತಿ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗ್ತೈತಿ, ಅಲ್ಲೀತನ ಹಗಲ ಬೆಳಕಿನ್ಯಾಗ ಬಣ್ಣ ಬದಲಾಗೂದ ಕಾಣೂದಿಲ್ಲ. ಹೆಡ್ಡಿನ ಮಿಶ್ರಲೋಹ ಅದಕ್ಕಿಂತ ಮೊದಲ ಮೆತ್ತಗಾಗ್ತೈತಿ. ನೀವು ಕೆಂಪಗಾಗ್ಲಿ ಅಂತ ಕಾಯೂದ್ರಾಗ ಅಂಚು ಕುಸದು ಹೋಗಿರ್ತೈತಿ. ಮತ್ತ ಪೆಟ್ರೋಲ್ ಗಾಡಿ ಅದು, ಫ್ಯೂಯಲ್ ಪೈಪ್ ಗೇಣ ದೂರದಾಗ ಇರ್ತೈತಿ. ಮನಿ ಪೋರ್ಚಿನ್ಯಾಗ ಉರಿ ಬ್ಯಾಡಾ.

ಕಾಸೂದು ಬೇಕ, ಆದ್ರ ಅಷ್ಟ ಬ್ಯಾಡಾ. ಅಲ್ಯೂಮಿನಿಯಂ ಉಕ್ಕಿನ ಎರಡ ಪಟ್ಟು ಹಿಗ್ಗತೈತಿ. ಒಂದ ಡಿಗ್ರಿಗೆ ಮೀಟರಿಗೆ ಉಕ್ಕು ಸುಮಾರು 12 ಮೈಕ್ರಾನ್, ಅಲ್ಯೂಮಿನಿಯಂ 23. 6 ಎಂಎಂ ತೂತಿನ್ಯಾಗ 80 ಡಿಗ್ರಿ ಏರಿಸಿದ್ರ ಬೋಲ್ಟಿಗೂ ತೂತಿಗೂ ಸಿಗೂ ಫರಕ ಒಂದ ಮಿಲಿಮೀಟರಿನ್ಯಾಗ ಸುಮಾರು 200ನೇ ಒಂದ ಪಾಲು. ಲೆಕ್ಕಕ್ಕ ಏನೂ ಅಲ್ಲ ಅನಸ್ತೈತಿ. ಗಟ್ಟಿ ಕೂತ ಪುಡಿ ಬಿರುಕು ಬಿಡಾಕ ಅಷ್ಟ ಸಾಕು, ಆ ಬಿರುಕಿನ್ಯಾಗ ಎಣ್ಣಿ ಇಳೀತೈತಿ.

ಕುದಿಯೂ ನೀರು 100 ಡಿಗ್ರಿ ದಾಟೂದಿಲ್ಲ, ಹಂಗಾಗಿ ಲೋಹಕ್ಕ ಅಪಾಯ ಇಲ್ಲ. ಕೈಗೆ ಐತಿ, ಗ್ಲೌಸ್ ಹಾಕ್ಕೋರಿ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಅಲ್ಟರ್ನೇಟರ್ ಮತ್ತ ಸೆನ್ಸರ್ ಕನೆಕ್ಟರಿಗೆ ಪ್ಲಾಸ್ಟಿಕ್ ಸುತ್ರಿ. ದಪ್ಪ ಅರಿವಿ ಕವರಿಗೆ ಸುತ್ತಿ ಕುದಿನೀರು ಸಾವಕಾಶ ಹಾಕ್ಕೋತ ಹೋಗ್ರಿ. ಬೋಲ್ಟಿನ ತಲಿ ಅರಿವಿಯಿಂದ ಹೊರಗ ಇರಲಿ, ನಮಗ ಬೇಕಾಗಿದ್ದು ಅಲ್ಯೂಮಿನಿಯಂ ಬಿಸಿ, ಬೋಲ್ಟಲ್ಲ. ಹೀಟ್ ಗನ್ ಇದ್ರ ಇನ್ನೂ ಚಲೋ, ತೂತಿನ ಸುತ್ತ ಒಣಗಿರ್ತೈತಿ. ಬಿಸಿ ಇದ್ದಾಗ ತಿರುವಿ ನೋಡ್ರಿ. ಬರಲಿಲ್ಲಂದ್ರ ಒರಸಿ, ಆರೂ ಹೊತ್ತಿನ್ಯಾಗ ಎಣ್ಣಿ ಬಿಡ್ರಿ. ಆರೂ ಲೋಹ ಸಂದಿಗೆ ಎಣ್ಣಿ ಎಳಕೋತೈತಿ.

ಕಬ್ಬಿನ ಟ್ರ್ಯಾಕ್ಟರ್ (ಜಮಖಂಡಿ)

ಬರೋಬ್ಬರಿ ಹೇಳಿದ್ರಿ ಅಕ್ಕಾರ. ಹೆಡ್ ಅಲ್ಯೂಮಿನಿಯಂ ಅಂತ ಅವ್ರು ಬರದದ್ದು ನಾ ಲಕ್ಷ್ಯಕ್ಕ ತಗೋಬೇಕಿತ್ತು. ನನ್ನ ಮಾತು ಬೀಡಿಗೆ ಅಷ್ಟ.

ಸಿಂದಗಿ ರೋಡ್ (ವಿಜಯಪುರ)

ಎಲ್ಲಾರಿಗೂ ಧನ್ಯವಾದ್ರಿ. ಫಿಟ್ಟರ್ ಕಾಕಾ, ನನ್ನ ಹಂತ್ಯಾಕ ಇರೂದು ರಿಂಗ್ ಪಾನಾ, ಹನ್ನೆರಡು ಮೂಲಿದು. ಕವರ್ ಅಲಗಾಡವಲ್ದು, ಗ್ಯಾಸ್ಕೆಟ್ (ನಡುವಿನ ಸೀಲ್) ಹಿಡಕೊಂಡದ ಅಂತ ಕಾಣ್ತದ. ಇನ್ನೊಂದು ಕೇಳೂದಿತ್ತು. ಅಸಿಟೋನಿಗೆ ಗಿಯರ್ ಎಣ್ಣಿ ಕೂಡಿಸಿ ಹಾಕ್ರಿ ಅಂತ ಎಲ್ಲಾಕಡಿ ಹೇಳ್ತಾರ, ಖರೇ ಏನು?

ಖಾನಾಪುರ ಮಳಿ (ಬೆಳಗಾವಿ)

ಗಿಯರ್ ಎಣ್ಣಿ ಅಲ್ರಿ, ಅದು ದಪ್ಪ. ಆಟೋಮ್ಯಾಟಿಕ್ ಗಾಡಿಗೆ ಹಾಕೂ ಟ್ರಾನ್ಸ್‌ಮಿಷನ್ ಫ್ಲೂಯಿಡ್, ಕೆಂಪ ಬಣ್ಣದ್ದು. ಪವರ್ ಸ್ಟೀರಿಂಗಿಗೂ ಭಾಳ ಗಾಡಿಯಾಗ ಅದನ್ನ ಹಾಕ್ತಾರ, ಹಂಗಾಗಿ ಸ್ಪೇರ್ಸ್ ಅಂಗಡಿಯಾಗ ಸಿಗತೈತಿ. ಅದು ಅರ್ಧ, ಅಸಿಟೋನ್ ಅರ್ಧ. ಅಸಿಟೋನ್ ನೀರಿನಕ್ಕಿಂತ ತೆಳ್ಳಗ ಇರೂದ್ರಿಂದ ಸಂದಿಗೆ ಇಳೀತೈತಿ, ಹಾರಿ ಹೋದ ಮ್ಯಾಲೆ ಎಣ್ಣಿ ಒಳಗ ಉಳೀತೈತಿ. ಎರಡೂ ಪೂರ್ತಿ ಕೂಡೂದಿಲ್ಲ, ಪ್ರತಿ ಸಲ ಅಲುಗಾಡಿಸಿ ಹಾಕಬೇಕು. ಪೇಂಟ್ ಮ್ಯಾಲೆ ಬಿದ್ರ ಪೇಂಟ್ ಹೋಗ್ತೈತಿ. ಬಿಸಿ ಇಂಜಿನ್ ಹಂತ್ಯಾಕ ತರಬ್ಯಾಡ್ರಿ, ಬೆಂಕಿ ಹಿಡೀತೈತಿ. ಪ್ಲಾಸ್ಟಿಕ್ ಬಾಟಲಿಯಾಗೂ ಇಡಬ್ಯಾಡ್ರಿ, ಕಬ್ಬಿಣದ ಎಣ್ಣಿ ಡಬ್ಬಿ ಬೇಕು.

ಡಬ್ಲ್ಯೂಡಿ-40 ಮೂಲಕ್ಕ 1953ರಾಗ ತೇವ ಓಡಿಸಿ ಜಂಗು ಬರದಂಗ ನೋಡಾಕ ಮಾಡಿದ್ದು. ಸಣ್ಣ ಜಂಗಿಗೆ ನಡೀತೈತಿ, ಹಳೆ ಜಾಮಿಗೆ ಸಾಲೂದಿಲ್ಲ. ಅದ ಕಂಪನಿಯವ್ರೂ ಜಾಮಿಗೆ ಬ್ಯಾರೇ ಸ್ಪ್ರೇ ಮಾಡ್ತಾರ. ಯಾವ ಎಣ್ಣಿ ಅಂಬೂದಕ್ಕಿಂತ ಎಷ್ಟೊತ್ತು ಬಿಟ್ರಿ ಅಂಬೂದ ದೊಡ್ಡದು. ನಮ್ಮ ಖಾನಾಪುರ ಕಡೆ ಮಳಿಗಾಲ ಮುಗಿದ ಮ್ಯಾಲೆ ಗಾಡಿ ಕೆಳಗಿನ ಒಂದ ಬೋಲ್ಟೂ ಸುಲಭ ಬರೂದಿಲ್ಲ. ರಾತ್ರಿ ಎಣ್ಣಿ ಹಾಕಿ, ಸಣ್ಣ ಸುತ್ತಗಿಲೆ ತಟ್ಟಿ, ಮಲಗೂದು. ಮುಂಜಾನೆ ಮತ್ತ ಹಾಕಿ ತಟ್ಟೂದು. ಅವಸರ ಇದ್ದವ್ರಿಗೆ ಈ ಕೆಲಸ ಅಲ್ಲ.

ಉರಿ ಹಚ್ಚಬಹುದಾದ ಜಾಗ ಇದ್ರ ಮೇಣದಬತ್ತಿನೂ ಭಾಳ ಚಲೋ ಕೆಲಸ ಮಾಡ್ತೈತಿ. ನಟ್ಟು ಕಾಸಿ ಅದಕ್ಕ ಮೇಣದಬತ್ತಿ ಮುಟ್ಟಿಸಿದ್ರ ಮೇಣ ಕರಗಿ ಥ್ರೆಡ್ಡಿನ್ಯಾಗ ಏರ್ತೈತಿ. ಸೈಲೆನ್ಸರ್ ನಟ್ಟಿಗೆ ನಾ ಬ್ಯಾರೇ ಏನೂ ಬಳಸೂದಿಲ್ಲ.

ಗೋಟಿ ಪಾನಾ (ವಿಜಯಪುರ)

ತಮ್ಮಾ, ಇಷ್ಟ ತ್ರಾಸು ಯಾಕ? ಬೋಲ್ಟು ಹ್ಯಾಂಗರ ಮಾಡಿ ಬಿಚ್ಚು, ಥರ್ಮೋಸ್ಟಾಟ್ ತೆಗದು ಒಗದು ಖಾಲಿ ಕವರ್ ಹಾಕು. ನಮ್ಮ ವಿಜಯಪುರದ ಬಿಸಲಾಗ ಥರ್ಮೋಸ್ಟಾಟ್ ಯಾತಕ್ಕ ಬೇಕು? ಹಳೆ ಮೆಕ್ಯಾನಿಕ್‌ಗಳು ಎಲ್ಲಾ ಹಂಗ ಮಾಡ್ತಿದ್ರು.

ನವನಗರ ವರ್ಕ್‌ಶಾಪ್ (ಬಾಗಲಕೋಟಿ)

ಕಾಕಾರ, ನಿಮ್ಮ ಅನುಭವಕ್ಕ ಮರ್ಯಾದಿ ಕೊಟ್ಟ ಹೇಳ್ತೀನಿ, ಇದನ್ನ ಒಪ್ಪಾಕ ಆಗೂದಿಲ್ಲ. ಇದು ಬರೇ ಚಳಿ ದೇಶದ ಸಾಮಾನಲ್ಲ. ಇಂಜಿನ್ ತನ್ನ ಕೆಲಸದ ಉಷ್ಣತಾಕ್ಕ ಬರೂತನ ನೀರು ರೇಡಿಯೇಟರಿಗೆ ಬಿಡೂದಿಲ್ಲ, ಸಾಮಾನ್ಯ 82 ಇಲ್ಲಾ 88 ಡಿಗ್ರಿಗೆ ತೆರಿಯಾಕ ಚಾಲೂ ಮಾಡ್ತೈತಿ. ತೆಗದು ಒಗದ್ರ ಹೈವೇದಾಗ ಇಂಜಿನ್ ತಣ್ಣಗ ಓಡ್ತೈತಿ, ಕಂಪ್ಯೂಟರ್ ಇಂಜಿನ್ ಇನ್ನೂ ಬಿಸಿ ಆಗಿಲ್ಲಂತ ತಿಳದು ಪೆಟ್ರೋಲ್ ಜಾಸ್ತಿ ಬಿಡ್ತೈತಿ. ಎಣ್ಣಿ ಪೂರಾ ಬಿಸಿ ಆಗದ ತೇವ ಒಳಗ ಉಳದು ಕೆಸರ ಕಟ್ತೈತಿ. ಕೆಲವ ಇಂಜಿನ್ನಿನ್ಯಾಗ ಥರ್ಮೋಸ್ಟಾಟಿನ ಹಿಂಬದಿ ವಾಲ್ವ್ ಬೈಪಾಸ್ ದಾರಿ ಮುಚ್ತೈತಿ. ಅದು ಇಲ್ಲಂದ್ರ ಬೈಪಾಸ್ ತೆರದ ಇರ್ತೈತಿ, ಬಿಸಿ ನೀರು ರೇಡಿಯೇಟರಿಗೆ ಹೋಗದ ಅಲ್ಲೇ ಸುತ್ತಿ, ಟ್ರಾಫಿಕ್ಕಿನ್ಯಾಗ ಮೊದಲಿನಕ್ಕಿಂತ ಹೆಚ್ಚ ಕಾಯ್ತೈತಿ.

ಹಳೆದನ್ನ ಒಗಿಯೂ ಮೊದಲ ಪಾತೇಲಿಯಾಗ ನೀರಿಟ್ಟು ದಾರದಲೆ ತೂಗಹಾಕಿ ಕಾಸ್ರಿ. ತಳಾ ಮುಟ್ಟಬಾರ್ದು. ನೀರು ಕುದ್ರೂ ಬಾಯಿ ತೆರೀಲಿಲ್ಲಂದ್ರ ಕೆಟ್ಟೈತಿ. ಹೊಸಾದನ್ನೂ ಹಂಗ ಪರೀಕ್ಷಾ ಮಾಡೇ ಹಾಕ್ರಿ.

ಗೋಟಿ ಪಾನಾ (ವಿಜಯಪುರ)

ಬೈಪಾಸ್ ವಿಷಯ ನನಗ ಹೊಳದಿದ್ದಿಲ್ಲ ತಂಗಿ. ಹಳೆ ಗಾಡಿಗಳ ಮ್ಯಾಲೆ ಕೆಲಸ ಕಲತಾವ ನಾನು. ಬೋಲ್ಟು ಹಿಡಿಯೂ ಕಾರಣ ಮಾತ್ರ ನಾ ಬಲ್ಲೆ. ನಮ್ಮ ಬೋರಿನ ನೀರು. ಸವಳ ನೀರು ಕುದ್ದು ಕುದ್ದು ಸುಣ್ಣ ಕಟ್ತದ. ಕೂಲಂಟ್ ಯಾರು ಹಾಕ್ತಾರ, ಬ್ಯಾಸಗಿಯಾಗ ದಾರಿ ಮ್ಯಾಲೆ ಸಿಕ್ಕ ಹೋಟೆಲ್ಲಿನ್ಯಾಗ ಕೊಡಾ ತುಂಬಿ ರೇಡಿಯೇಟರಿಗೆ ಸುರವ್ತಾರ. ಇಂಡಿ, ಸಿಂದಗಿ ಕಡಿಂದ ಬರೂ ಗಾಡಿ ಕವರ್ ತೆಗದ್ರ ಒಳಗ ಸುಣ್ಣದ ಪದರ ಉಗರಲೆ ಕೆರದು ತೆಗೀಬಹುದು. ಬೆಳಗಾವಿ ಗಾಡಿಗೆ ಹೊರಗಿಂದ ಜಂಗು, ನಮ್ಮ ಗಾಡಿಗೆ ಒಳಗಿಂದ.

ಉದ್ಯಮಬಾಗ ಫಿಟ್ಟರ್ (ಬೆಳಗಾವಿ)

ಕಾಕಾರು ಮುಖ್ಯ ಮಾತು ಹೇಳ್ಯಾರ. ಅದಕ್ಕ ಇನ್ನೊಂದು ಸೇರಸ್ತೀನಿ, ಯಾಕಂದ್ರ ಬೋಲ್ಟು ಬಿಚ್ಚೂ ದಾರಿ ಅದರಾಗ ಐತಿ.

ಉಕ್ಕಿನ ಬೋಲ್ಟು, ಅಲ್ಯೂಮಿನಿಯಂ ಕವರ್, ನಡುವ ಉಪ್ಪಿನಂಶದ ನೀರು. ಈ ಮೂರು ಕೂಡಿದ್ರ ಸಣ್ಣ ಬ್ಯಾಟರಿ ಆದಂಗ. ಅದರಾಗ ಸವಿಯೂದು ಅಲ್ಯೂಮಿನಿಯಂ. ಸವದು ಆದ ಬಿಳಿ ಪುಡಿ ಮೊದಲಿನ ಲೋಹಕ್ಕಿಂತ ಜಾಸ್ತಿ ಜಾಗ ತಗೋತೈತಿ, ತೂತಿನ್ಯಾಗ ಉಬ್ಬಿ ಬೋಲ್ಟನ್ನ ಸುತ್ತೂ ಕಡೆ ಒತ್ತಿ ಹಿಡೀತೈತಿ. ನೀವು ತಲಿ ಸುತ್ತ ಕಂಡ ಪುಡಿ ಅದ.

ಈಗ ವಿಚಾರ ಮಾಡ್ರಿ, ಅದು ಹಿಡದಿರೂದು ಎಲ್ಲಿ? ಬೋಲ್ಟಿಗೆ ಎರಡ ಜಾಗ ಅದಾವ. ಮ್ಯಾಲೆ ಕವರಿನ ತೂತು, ಅದಕ್ಕ ಥ್ರೆಡ್ ಇಲ್ಲ, ಬೋಲ್ಟಿಗಿಂತ ಸ್ವಲ್ಪ ಸಡಿಲ ಇರ್ತೈತಿ. ಕೆಳಗ ಹೆಡ್ಡಿನ ಥ್ರೆಡ್. ಎಲ್ಲಾರೂ ಥ್ರೆಡ್ ಹಿಡದೈತಿ ಅಂತ ತಿಳ್ಕೋತಾರ. ಥರ್ಮೋಸ್ಟಾಟ್ ಕವರಿನ್ಯಾಗ, ವಾಟರ್ ಪಂಪಿನ್ಯಾಗ ನಾ ನೋಡಿದ್ದು ಹೆಚ್ಚಿಗಿ ಉಲ್ಟಾ. ಸಡಿಲ ಇರೂ ಆ ಮ್ಯಾಲಿನ ತೂತಿನ್ಯಾಗ ಗ್ಯಾಸ್ಕೆಟ್ ಕಡಿಂದ ನೀರು ಜಿನುಗಿ ಪುಡಿ ತುಂಬಕೋತೈತಿ. ಥ್ರೆಡ್ ಚಲೋ ಇರ್ತೈತಿ. ನೀವು ತಲಿ ಮ್ಯಾಲೆ ಎಷ್ಟ ಎಣ್ಣಿ ಹೊಡದ್ರೂ ತಲಿ ಕವರಿಗೆ ಬಿಗದ ಕೂತಿರ್ತೈತಿ, ಎಣ್ಣಿ ಒಳಗ ಇಳಿಯೂದಿಲ್ಲ.

ನಿಮ್ಮ ನಸೀಬ ಚಲೋ ಐತಿ, ಒಂದ ಬೋಲ್ಟು ಆಗಲೇ ಹೊರಗ ಬಂದೈತಿ. ಹೋಸ್ ಬಿಚ್ಚಿ ಕವರ್ ಸ್ವತಂತ್ರ ಮಾಡ್ರಿ. ಕಟಗಿ ತುಂಡು ಇಟ್ಟು ರಬ್ಬರ್ ಸುತ್ತಗಿಲೆ ಕವರಿನ ಬಾಜೂಕ್ಕ ತಟ್ಟ್ರಿ, ಕವರ್ ಆ ಹಿಡಕೊಂಡ ಬೋಲ್ಟಿನ ಸುತ್ತ ತಿರಗಬೇಕು. ಬಾಗಲ ಕೀಲಿನ ಮ್ಯಾಲೆ ತಿರಗೂ ಹಂಗ. ಒಂದ ಎಂಎಂ ತಿರಗಿದ್ರೂ ತೂತಿನ ಪುಡಿ ಒಡೀತೈತಿ, ಮತ್ತ ಗ್ಯಾಸ್ಕೆಟ್ ಸಂದಿ ತೆರೀತೈತಿ. ಆ ಸಂದಿಯಿಂದ ಎಣ್ಣಿ ಬಿಟ್ರ ನೇರ ಥ್ರೆಡ್ಡಿನ ಬಾಯಿಗೆ ಹೋಗ್ತೈತಿ. ಅತ್ತ ಇತ್ತ, ಅತ್ತ ಇತ್ತ. ಸಂದಿಯಾಗ ಸ್ಕ್ರೂ ಡ್ರೈವರ್ ತುರುಕಿ ಎಬ್ಬಿಸಬ್ಯಾಡ್ರಿ, ಹೆಡ್ಡಿನ ಮಖ ಗೀರ್ತೈತಿ, ಆಮ್ಯಾಲೆ ಜಿನುಗೂದು ತಪ್ಪೂದಿಲ್ಲ.

ಜೋರು ಹಾಕೂಕ್ಕಿಂತ ಮೊದಲ ಒಂದ ನಿರ್ಧಾರ ಮಾಡ್ಕೋರಿ: ಏನು ಹೋದ್ರ ನಡೀತೈತಿ? ಕವರ್ ಹೋದ್ರ ಹೊಸಾದು ಸಿಗತೈತಿ, ಬೋಲ್ಟು ಹೋದ್ರ ಹತ್ತಿಪ್ಪತ್ತು ರೂಪಾಯಿ. ಹೆಡ್ ಹೋಗಬಾರ್ದು. ಹಂಗಾಗಿ ಏನ ಮಾಡಿದ್ರೂ ಬರಲಿಲ್ಲಂದ್ರ ಕವರಿನ ಕಿವಿನ, ಅಂದ್ರ ಬೋಲ್ಟು ಹಾಯೂ ಅಂಚನ್ನ, ಹ್ಯಾಕ್ಸಾ ಬ್ಲೇಡಿನಲೆ ಸೀಳ್ರಿ. ತಲಿ ಕಡೀಬ್ಯಾಡ್ರಿ. ಕಿವಿ ಸೀಳಿ ತೆಗದ್ರ ಬೋಲ್ಟು ಉದ್ದಕ ನಿಂತಿರ್ತೈತಿ, ವೈಸ್ ಗ್ರಿಪ್ಪಿಗೆ (ಕಚ್ಚಿ ಲಾಕ್ ಆಗೂ ಪಕ್ಕಡ) ಹಿಡಿಯಾಕ ಜಾಗ ಇರ್ತೈತಿ. ಸೀಳೂ ಮೊದಲ ಒಳಗಿನ ತೂತಿಗೆ ಅರಿವಿ ತುರುಕ್ರಿ, ಪುಡಿ ಇಂಜಿನ್ನಿನ್ಯಾಗ ಬೀಳಬಾರ್ದು.

ಸಾಕೆಟ್ ಆರು ಮೂಲಿದು ತಗೋರಿ. ಹನ್ನೆರಡು ಮೂಲಿದು ತುದಿಗೆ ಹಿಡೀತೈತಿ, ಸವದ ತಲಿ ಮ್ಯಾಲೆ ಜಾರ್ತೈತಿ. ಆರು ಮೂಲಿದೂ ಜಾರಿದ್ರ 3/8 ಇಂಚಿನ ಸಾಕೆಟ್ ಐತಲ್ಲ, ಅದು 9.5 ಎಂಎಂ. ಸವದ 10ರ ತಲಿಗೆ ಬಡದು ಕೂಡಿಸಿದ್ರ ಗಟ್ಟಿ ಕಚ್ಚತೈತಿ. ಬಡದಿದ್ದೂ ಲಾಭ, ಆ ಪೆಟ್ಟು ಜಂಗಿಗೂ ಬೀಳ್ತೈತಿ.

ಮುಧೋಳ ಬೈಪಾಸ್ (ಬಾಗಲಕೋಟಿ)

ತಿರುವೂದು ಮೊದಲ ಟೈಟ್ ಕಡೆಗೋ, ಸಡಿಲ ಕಡೆಗೋ? ನಮ್ಮ ಅಣ್ಣ ಮೊದಲ ಟೈಟ್ ಮಾಡಬೇಕು ಅಂತಾನ, ನನಗ ಅದು ಉಲ್ಟಾ ಅನಸ್ತೈತಿ.

ಉದ್ಯಮಬಾಗ ಫಿಟ್ಟರ್ (ಬೆಳಗಾವಿ)

ನಿಮ್ಮ ಅಣ್ಣ ಹೇಳಿದ್ದ ಬರೋಬ್ಬರಿ. ಟೈಟ್ ಕಡೆಗೆ ತುಸು, ಭಾಳ ತುಸು ಒತ್ತಿ ನೋಡೂದು. ಪುಡಿಗೆ ಯಾವ ಕಡೆ ಒಡದ್ರೂ ಅಷ್ಟ. ಒಡದ ಮ್ಯಾಲೆ ಸಡಿಲ ಕಡೆಗೆ ಕಾಲ ಸುತ್ತು, ಮತ್ತ ಹಿಂದಕ್ಕ ಅರ್ಧದಷ್ಟು, ಎಣ್ಣಿ ಹನಿ, ಮತ್ತ ಮುಂದಕ್ಕ. ಒಂದ ದಮ್ಮಿನ್ಯಾಗ ಬಿಚ್ಚಾಕ ಹೋದ್ರ ಪುಡಿ ಥ್ರೆಡ್ಡಿನ್ಯಾಗ ಮುದ್ದಿಯಾಗಿ ನಡುವ ಮತ್ತ ಹಿಡೀತೈತಿ. ಭಾಳ ಬೋಲ್ಟು ಮುರಿಯೂದು ಅರ್ಧ ಹೊರಗ ಬಂದ ಮ್ಯಾಲೆ, ಆಗ ಮನಷ್ಯಾ ಗೆದ್ದೆ ಅಂತ ಅವಸರ ಮಾಡ್ತಾನ.

ಉಲ್ಟಾ ಥ್ರೆಡ್ ಇರೂ ಜಾಗನೂ ನೆನಪಿರಲಿ. ಸೈಕಲ್ಲಿನ ಎಡಗಡೆ ಪೆಡಲ್ ಇದ್ದಂಗ ಕೆಲವ ಫ್ಯಾನ್, ಪುಲ್ಲಿ ನಟ್ಟು ಉಲ್ಟಾ ಇರ್ತಾವ. ಥರ್ಮೋಸ್ಟಾಟ್ ಕವರಿಗೆ ಆ ಪ್ರಶ್ನೆ ಇಲ್ಲ.

ಸಿಂದಗಿ ರೋಡ್ (ವಿಜಯಪುರ)

ಬಂತ್ರೀ! ಬೋಲ್ಟು ಹೊರಗ ಬಂತು, ಮುರೀಲಿಲ್ಲ, ಕವರ್ ಸುದ್ದಾ ಉಳೀತು.

ಹ್ಯಾಂಗ ಆತು ಅಂತ ಬರೀತೀನಿ, ಮುಂದ ಯಾರಿಗರ ಬೇಕಾದೀತು. ಆರು ಮೂಲಿ ಸಾಕೆಟ್ ತಂದೆ. ರಾತ್ರಿ ಅಸಿಟೋನ್ ಮಿಶ್ರಣ ಹಾಕಿ, ತಲಿ ಮ್ಯಾಲೆ ಸಣ್ಣಗ ತಟ್ಟಿ ಬಿಟ್ಟೆ. ಮುಂಜಾನೆ ಪೂರಾ ಒರಸಿ, ಆರಿದ ಮ್ಯಾಲೆ ಮೇಡಂ ಹೇಳಿದಂಗ ಅರಿವಿ ಸುತ್ತಿ ಕುದಿನೀರು ಹಾಕ್ಕೋತ ಹೋದೆ. ಆಮ್ಯಾಲೆ ಕಟಗಿ ತುಂಡು ಇಟ್ಟು ಕವರಿನ ಬಾಜೂಕ್ಕ ತಟ್ಟಿದೆ. ಮೊದಲು ಏನೂ ಇಲ್ಲ, ಕಲ್ಲಿಗೆ ಬಡದಂಗ ಟಣ್ ಟಣ್ ಅನ್ಲಿಕತ್ತಿತ್ತು. ಸ್ವಲ್ಪ ಹೊತ್ತಿಗೆ ಸಪ್ಪಳ ಬದಲಾತು, ಮಂದ ಆತು. ನೋಡಿದ್ರ ಗ್ಯಾಸ್ಕೆಟ್ ಅಂಚಿನ್ಯಾಗ ಎಳಿಯಷ್ಟ ಕರೀ ಗೆರಿ ಕಾಣಸ್ತು. ಕವರ್ ತಿರಗೇದ! ಆ ಗೆರಿಯೊಳಗ ಎಣ್ಣಿ ಬಿಟ್ಟೆ, ಅತ್ತ ಇತ್ತ ಆಡಿಸಿದೆ, ಬಿಳಿ ಪುಡಿ ಎಣ್ಣಿಯೊಳಗ ಕೂಡಿ ಹಾಲಿನಂಗ ಹೊರಗ ಬಂತು.

ಆಮ್ಯಾಲೆ ಸಾಕೆಟ್ ಹಾಕಿ ಟೈಟ್ ಕಡೆಗೆ ತುಸು, ಸಡಿಲ ಕಡೆಗೆ ತುಸು. ಕಿರ್ರ್ ಅಂತು. ಆ ಸಪ್ಪಳ ಕೇಳಿ ಎದಿ ಹಗರಾತು. ಹಿಂದ ಮುಂದ ಮಾಡಿ ಹೊರಗ ತೆಗದೆ.

ಫಿಟ್ಟರ್ ಕಾಕಾ, ನೀವು ಹೇಳಿದ್ದು ಅಕ್ಷರಶಃ ಖರೇ ಆತು. ಬೋಲ್ಟಿನ ಕೆಳಗಿನ ಅರ್ಧ, ಅಂದ್ರ ಹೆಡ್ಡಿನೊಳಗ ಇದ್ದ ಥ್ರೆಡ್, ಹೊಳಪ ಇನ್ನೂ ಅದ. ಮ್ಯಾಲಿನ ಅರ್ಧ ಮಾತ್ರ ಬಿಳಿ ಹೆಪ್ಪು ಕಟ್ಟಿ, ಎರಡ ಕಡೆ ಕಚ್ಚು ಬಿದ್ದು, ಹುಳಾ ತಿಂದಂಗ ಆಗ್ಯದ. ಥರ್ಮೋಸ್ಟಾಟ್ ಪಾತೇಲಿಯಾಗ ಹಾಕಿದೆ, ನೀರು ಕುದ್ರೂ ಬಾಯಿ ಬಿಡಲಿಲ್ಲ. ಒಳಗ ಸುಣ್ಣದ ಪದರ ಕಾಕಾರು ಹೇಳಿದಂಗ ಉಗರಲೆ ಬರ್ತದ.

ಈಗ ತಿರುಗಿ ಕೂಡಿಸುವಾಗ ಏನ ಲಕ್ಷ್ಯ ಕೊಡಬೇಕು? ಮತ್ತ ಹಿಂಗ ಹಿಡೀಬಾರ್ದು.

ಗೋಟಿ ಪಾನಾ (ವಿಜಯಪುರ)

ಶಾಬ್ಬಾಸ್ ತಮ್ಮಾ.

ನವನಗರ ವರ್ಕ್‌ಶಾಪ್ (ಬಾಗಲಕೋಟಿ)

ಭಾಳ ಖುಷಿ ಆತು ನೋಡ್ರಿ. ತಿರುಗಿ ಕೂಡಿಸೂದ್ರಾಗ ಅವಸರ ಬ್ಯಾಡಾ, ಈ ಜಾಮಿನ ಬೇರು ಅಲ್ಲೇ ಇರ್ತೈತಿ.

ತೂತು ಮೊದಲ ಸ್ವಚ್ಛ ಮಾಡ್ರಿ. ಈ ತೂತು ಹೆಚ್ಚಾಗಿ ತಳಾ ಮುಚ್ಚಿದ್ದು ಇರ್ತೈತಿ. ಅದರಾಗ ಎಣ್ಣಿ ಇಲ್ಲಾ ನೀರು ನಿಂತಾಗ ಬೋಲ್ಟು ತಿರುವಿದ್ರ ದ್ರವಕ್ಕ ಹೋಗಾಕ ದಾರಿ ಇಲ್ಲ, ಒತ್ತಡಕ್ಕ ಲೋಹನ ಸೀಳಬಹುದು. ಅರಿವಿ ಕಡ್ಡಿಗೆ ಸುತ್ತಿ ಒಳಗ ಒರಸ್ರಿ, ಕಣ್ಣಿಗೆ ಕನ್ನಡಕ ಹಾಕ್ಕೊಂಡು ಊದ್ರಿ. ಎಂ6ರ ಟ್ಯಾಪ್ (ಥ್ರೆಡ್ ಕೊರಿಯೂ ಸಾಮಾನು) ಇದ್ರ ಬೆರಳಲೆ ಇಳಿಸಿ ತೆಗೀರಿ, ಜೋರು ಹಾಕಬ್ಯಾಡ್ರಿ. ಕವರಿನ ತೂತು ಮಾತ್ರ ಚೆಂದಂಗ ಕೆರೀರಿ, ಬೋಲ್ಟು ಅದರಾಗ ತಾನಾಗೇ ಬೀಳಬೇಕು.

ಹಳೆ ಬೋಲ್ಟು ಎರಡೂ ಒಗೀರಿ. ಹೊಸಾದು ಅದ ಉದ್ದ, ಅದ ದರ್ಜಾ, ಸತುವಿನ ಲೇಪ ಇದ್ದದ್ದು. ಉದ್ದ ಜಾಸ್ತಿ ಇದ್ರ ತಳಾ ಮುಟ್ಟಿ ಕವರ್ ಬಿಗಿಯೂದಿಲ್ಲ. ಸ್ಟೇನ್‌ಲೆಸ್ ಹಾಕಿದ್ರ ಜಂಗು ಬರೂದಿಲ್ಲ ಅಂತ ಭಾಳ ಮಂದಿ ಹಾಕ್ತಾರ, ಅಲ್ಯೂಮಿನಿಯಂ ಜೊತಿ ಅದು ಇನ್ನೂ ಕೆಟ್ಟ ಜೋಡಿ, ಅಲ್ಯೂಮಿನಿಯಂ ಬ್ಯಾಗ ತಿಂತೈತಿ. ಬೋಲ್ಟಿನ ನಡುವಿನ ಭಾಗಕ್ಕ, ಅಂದ್ರ ಈ ಸಲ ಹಿಡದಿದ್ದ ಜಾಗಕ್ಕ, ಆ್ಯಂಟಿ ಸೀಜ್ (ಬೋಲ್ಟು ಹಿಡೀದಂಗ ತಡಿಯೂ ಪೇಸ್ಟ್) ತೆಳ್ಳಗ ಹಚ್ಚರಿ. ಥ್ರೆಡ್ಡಿಗೆ ಹಚ್ಚಿದ್ರ ತಿಕ್ಕಾಟ ಕಡಿಮಿ ಆಗಿ ಅದ ಟಾರ್ಕಿಗೆ ಬೋಲ್ಟು ಜಾಸ್ತಿ ಎಳೀತೈತಿ, ಹಂಗಾಗಿ ಕೈ ಸ್ವಲ್ಪ ಹಗರ ಇರಲಿ.

ಟಾರ್ಕ್ ಪಾನಾ ಇಲ್ಲಂದ್ರ ಅಂದಾಜಿಗೆ: 10 ನ್ಯೂಟನ್ ಮೀಟರ್ ಅಂದ್ರ ಬೋಲ್ಟಿನಿಂದ 10 ಸೆಂಟಿಮೀಟರ್ ದೂರ ಹಿಡದು ಸುಮಾರು 10 ಕೆಜಿ ಜೋರು. ನಿಮ್ಮ ಗಾಡಿ ಮ್ಯಾನ್ಯುಯಲ್ಲಿನ್ಯಾಗ ಬ್ಯಾರೇ ಇದ್ರ ಅದನ್ನ ಹಿಡೀರಿ. ಎರಡೂ ಬೋಲ್ಟು ಅದಲ ಬದಲಿ ಬಿಗೀರಿ. ಥರ್ಮೋಸ್ಟಾಟಿನ ಮ್ಯಾಲೆ ಸಣ್ಣ ಗಾಳಿ ತೂತು ಐತಲ್ಲ, ಅದು ಮ್ಯಾಲೆ ಬರೂ ಹಂಗ ಕೂಡಸ್ರಿ.

ಮತ್ತ ನೀರು. ಇನ್ನ ಬೋರಿನ ನೀರು ಬ್ಯಾಡಾ. ಪೂರಾ ತೊಳದು, ಕೂಲಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ. ನಮ್ಮಲ್ಲಿ ಹೆಪ್ಪುಗಟ್ಟೂ ಚಳಿ ಎಲ್ಲೈತಿ ಅಂತ ಕೇಳ್ತಾರ. ಇದು ಚಳಿಗಲ್ಲ, ಲೋಹ ಉಳಸೂ ರಾಸಾಯನಿಕ ಅದರಾಗ ಇರ್ತೈತಿ. ಅರ್ಧಕ್ಕರ್ಧ ಮಿಶ್ರಣ ಬಯಲಾಗ ಸುಮಾರು 107 ಡಿಗ್ರಿಗೆ ಕುದೀತೈತಿ, ರೇಡಿಯೇಟರ್ ಮುಚ್ಚಳದ ಒತ್ತಡದಾಗ ಇನ್ನೂ ಮ್ಯಾಲೆ ಹೋಗ್ತೈತಿ. ಬ್ಯಾಸಗಿಯಾಗ 40 ದಾಟೂ ಊರಿಗೆ ಇದ ಬೇಕಾದ್ದು. ಆರ್‌ಒ ನೀರು ತುರ್ತಿಗೆ ನಡೀತೈತಿ, ಕಾಯಂ ಅಲ್ಲ.

ಹಳೆ ಕೂಲಂಟ್ ಬುಟ್ಟಿಯಾಗ ಹಿಡದಿದ್ರ ತೆರದು ಇಡಬ್ಯಾಡ್ರಿ. ಅದರಾಗಿನ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ನಾಯಿ ನೆಕ್ಕಿದ್ರ ಸಾಯ್ತೈತಿ, ಮಕ್ಕಳಿಗೂ ಅಷ್ಟ ಅಪಾಯ.

ಸಿಂದಗಿ ರೋಡ್ (ವಿಜಯಪುರ)

ಎಲ್ಲಾ ಬರಕೊಂಡೀನ್ರಿ ಮೇಡಂ. ಹೊಸ ಬೋಲ್ಟು ನಾಳಿಗೆ ಬರ್ತಾವ.

ಮುಧೋಳ ಬೈಪಾಸ್ (ಬಾಗಲಕೋಟಿ)

ನಂದು ಇವ್ರಿಗಿಂತ ಕಷ್ಟ ಐತ್ರಿ. ಗ್ಯಾರೇಜಿನ್ಯಾಗ ವಾಟರ್ ಪಂಪ್ ಬಿಚ್ಚುವಾಗ ಒಂದ ಎಂ8 ಬೋಲ್ಟು ಬ್ಲಾಕಿನ್ಯಾಗ ಮುರದು ಕೂತೈತಿ. ಈಜಿ ಔಟ್ (ಮುರದ ಬೋಲ್ಟಿನ್ಯಾಗ ತೂತು ಹೊಡದು ತುರುಕಿ, ಉಲ್ಟಾ ತಿರುವಿ ತೆಗಿಯೂ ಸಾಮಾನು) ಹಾಕಿ ತೆಗೀತೀವಿ ಅಂತಾರ. ಹೂಂ ಅನ್ಲೋ ಬ್ಯಾಡೋ?

ಉದ್ಯಮಬಾಗ ಫಿಟ್ಟರ್ (ಬೆಳಗಾವಿ)

ಸದ್ಯಕ ಬ್ಯಾಡಾ ಅನ್ರಿ. ತಲಿ ಇದ್ದಾಗ ತಿರಗದ ಬೋಲ್ಟು, ಅದರ ಹೊಟ್ಟಿಯಾಗ ತೂತು ಹೊಡದು ಸಣ್ಣ ಈಜಿ ಔಟಿನಲೆ ತಿರಗ್ತೈತಿ ಅಂತ ನಂಬೂದು ಕಷ್ಟ. ಅದು ಗಡಸು ಉಕ್ಕು, ಒಳಗ ಮುರದ್ರ ಸಾದಾ ಡ್ರಿಲ್ ಅದನ್ನ ಕೊರಿಯೂದಿಲ್ಲ. ಆಮ್ಯಾಲೆ ಸ್ಪಾರ್ಕ್ ಇರೋಷನ್ (ಕರೆಂಟಿನ ಕಿಡಿಲೆ ಲೋಹ ಸವಿಸೂ) ಮಷೀನಿಗೆ ಒಯ್ಯಬೇಕು.

ಮುರದ ತುಂಡು ಸ್ವಲ್ಪರ ಮ್ಯಾಲೆ ಕಾಣ್ತಿದ್ರ ಅದರ ಮ್ಯಾಲೆ ನಟ್ಟು ಇಟ್ಟು, ನಟ್ಟಿನ ಒಳಗಿಂದ ವೆಲ್ಡಿಂಗ್ ತುಂಬಿ, ಆರಿದ ಮ್ಯಾಲೆ ನಟ್ಟು ಹಿಡದು ತಿರುವೂದು ಎಲ್ಲಾಕ್ಕಿಂತ ಚಲೋ. ವೆಲ್ಡಿಂಗಿನ ಬಿಸಿ ನೇರ ಬೋಲ್ಟಿಗೆ ಹೋಗಿ ಜಂಗು ಒಡೀತೈತಿ. ಅಲ್ಯೂಮಿನಿಯಂ ಬ್ಲಾಕ್ ಇದ್ರೂ ನಡೀತೈತಿ, ಉಕ್ಕಿನ ವೆಲ್ಡಿಂಗ್ ಅದಕ್ಕ ಹತ್ತೂದಿಲ್ಲ. ಕೈ ಪಳಗಿದ ವೆಲ್ಡರ್ ಬೇಕು. ಬ್ಯಾಟರಿ ಕೇಬಲ್ ಬಿಚ್ಚಿ, ಇಂಜಿನ್ ಕಂಪ್ಯೂಟರಿನ ಕನೆಕ್ಟರ್ ತೆಗದು ಮಾಡಸ್ರಿ.

ಬ್ಲಾಕಿನ ಮಖಕ್ಕಿಂತ ಒಳಗ ಮುರದಿದ್ರ ನಟ್ಟ ನಡುವ ಪಂಚ್ ಹೊಡದು ಉಲ್ಟಾ ತಿರಗೂ ಡ್ರಿಲ್ಲಿನಲೆ ಕೊರೀಬೇಕು. ಭಾಳ ಸಲ ಕೊರಿಯೂ ಬಿಸಿಗೇ ತುಂಡು ತಾನ ತಿರಗಿ ಹೊರಗ ಬರ್ತೈತಿ. ಬರಲಿಲ್ಲಂದ್ರ 6.8 ಎಂಎಂತನ ಕೊರದು ಎಂ8 ಟ್ಯಾಪ್ ಹಾಕಬೇಕು. ನಡು ತಪ್ಪಿದ್ರ ಥ್ರೆಡ್ ಹೋಗ್ತೈತಿ, ಆಗ ಹೆಲಿಕಾಯಿಲ್, ಅಂದ್ರ ಹೊಸ ಥ್ರೆಡ್ ಕೊಡೂ ತಂತಿ ಸುರಳಿ, ಹಾಕಬೇಕು. ಅದೂ ಕಾಯಂ ಕೆಲಸ, ಗಾಬರಿ ಆಗಬ್ಯಾಡ್ರಿ.

ಬ್ಲಾಕ್ ಬೀಡೋ, ಅಲ್ಯೂಮಿನಿಯಮ್ಮೋ, ಮುರದ ತುದಿ ಮಖಕ್ಕಿಂತ ಎಷ್ಟ ಎಂಎಂ ಮ್ಯಾಲೆ ಇಲ್ಲಾ ಕೆಳಗ ಐತಿ, ಅಳತಿ ತಗೊಂಡು ಫೋಟೋ ಹಾಕ್ರಿ. ಅಲ್ಲೀತನ ಅದಕ್ಕ ಯಾರೂ ಡ್ರಿಲ್ ಹಚ್ಚದಂಗ ನೋಡ್ಕೋರಿ.